ಒಂದು ಚೀಟಿಯನ್ನೂ ಬಿಡದೆ ಓದಿದ ದಿನ

ಊರಿಗೆಲ್ಲ ರಜೆಯಿದ್ದ ದಿನ ಮೂರು ಮ್ಯೂಸಿಯಂ ನೋಡಿ, ಅಲ್ಲಿನ ಒಂದೊಂದು ವಿವರದ ಚೀಟಿಯನ್ನೂ ಬಿಡದೆ ಓದಿ, ಸಂಜೆ ಜ್ಞಾನಭಾರದಿಂದ ಬಾಗಿ ಮನೆಗೆ ಮರಳುವುದೆಂದು ನಾನು ಘನ ಪ್ರತಿಜ್ಞೆ ಮಾಡಿದೆ. ಅದಕ್ಕಿದ್ದ ಅಡ್ಡಿ ಒಂದೇ: ನಮ್ಮವರು! ಅವರು ಟೈಲರ್. ಮದುವೆಮನೆಯಾಗಲಿ, ಆಸ್ಪತ್ರೆಯಾಗಲಿ, ಅವರ ಕಣ್ಣಿಗೆ ಮನುಷ್ಯರು ಬೀಳುವುದಿಲ್ಲ. ಕಾಲರು, ತೋಳು, ಬಿಚ್ಚಿದ ಹೊಲಿಗೆ ಬೀಳುತ್ತವೆ.

"ಸಂಜೆ ಮನೆ ಬಾಗಿಲು ತೆಗೆಯೋವರೆಗೆ ಬಟ್ಟೆ ವಿಷಯ ಎತ್ತಬಾರದು. ಎತ್ತಿದ್ರೆ ಒಂದು ತಿಂಗಳು ಪಾತ್ರೆ ನಿಮ್ಮದು," ಎಂದೆ.

"ಎತ್ತದಿದ್ರೆ?"

"ನನ್ನದು. ಒಂದು ಚಮಚಾನೂ ಮುಟ್ಟಬೇಡಿ!"

ಅಂದು ನನಗೆ ಹಬ್ಬಕ್ಕಿಂತ ಹೆಚ್ಚಿನ ಸಂಭ್ರಮ. ಎಂಟು ತಿಂಗಳ ಹಿಂದೆ ಇವರಿಗೇ ಹೊಲಿಯಲು ಕೊಟ್ಟ ಸಾದಾ ನೀಲಿ ಬಟ್ಟೆ ಬೆಳಿಗ್ಗೆಯಷ್ಟೇ ಟಾಪ್ ಆಗಿ ಕೈಸೇರಿತ್ತು. ಬಸ್ಸು ತಪ್ಪೀತೆಂಬ ಆತುರದಲ್ಲಿ ಕನ್ನಡಿಯಲ್ಲಿ ಮುಖವಷ್ಟೇ ನೋಡಿಕೊಂಡು, ತೊಟ್ಟು ಹೊರಟೆ.

ಬಸ್ ನಿಲ್ದಾಣದ ಬೆಳಕಿನಲ್ಲಿ ನಮ್ಮವರು ನನ್ನನ್ನು ನೋಡಿ ಬೆಚ್ಚಿದರು.

"ಒಂದ್ನಿಮಿಷ... ನಿನ್ನ..."

"ಬಟ್ಟೆ ವಿಷಯಾನಾ?"

"ಹೌದು, ಆದ್ರೆ..."

"ಇನ್ನೊಂದು ಪದ ಬಂದ್ರೆ ಪಾತ್ರೆ!"

ಬಾಯಿ ಮುಚ್ಚಿತು. ಪಾಪ, ಹೊಗಳಲು ಬಂದಿದ್ದರೇನೋ ಎಂದುಕೊಂಡೆ.

ಮೊದಲ ಮ್ಯೂಸಿಯಂನಲ್ಲಿ, ಈಜುತ್ತ ಈಜುತ್ತಲೇ ಕಲ್ಲಾಗಿ ನಿಂತ ಒಂದು ಮೀನಿತ್ತು. ಅದರ ಚೀಟಿ ಓದಲು ನಾನು ಬಾಗಿದೆ. ಹಿಂದಿದ್ದ ಇಬ್ಬರು ಹುಡುಗಿಯರೂ ಬಾಗಿದರು. ನನ್ನಿಂದಾಗಿ ಇಬ್ಬರಿಗಾದರೂ ಓದುವ ಆಸೆ ಹುಟ್ಟಿತಲ್ಲ! ಎರಡನೆಯದು ಹಳೆಯ ಗಡಿಯಾರಗಳದು. ಅಲ್ಲಿನ ಕಾವಲುಗಾರ ಗಡಿಯಾರಗಳನ್ನು ಬಿಟ್ಟು ನನ್ನನ್ನೇ ಕಾದ. ಹೊಸ ಟಾಪಿನ ಮಹಿಮೆ! ನಮ್ಮವರು ಮಾತ್ರ ನನ್ನ ಬೆನ್ನಿಗೆ ಅಂಟಿಕೊಂಡೇ ನಡೆಯುತ್ತಿದ್ದರು; ಎರಡು ಸಲ ಕೈಯನ್ನೂ ಚಾಚಿದರು.

"ರೀ, ದೂರ ನಿಲ್ಲಿ! ಜನ ನೋಡ್ತಿದ್ದಾರೆ!"

ಅವರು ಜೋರಾಗಿ ತಲೆಯಾಡಿಸಿ ಒಪ್ಪಿದರು.

ಮೂರನೆಯದು ಉಡುಪುಗಳ ಮ್ಯೂಸಿಯಂ. ಗಾಜಿನೊಳಗೆ ನೂರು ವರ್ಷದ ಕೋಟು. ಚೀಟಿಯನ್ನು ಗಟ್ಟಿಯಾಗಿ ಓದಿದೆ: "ಹೊಲಿಗೆಯ ಸೂಕ್ಷ್ಮ ಕಾಣಲೆಂದು ಒಳಮಗ್ಗುಲನ್ನು ಹೊರಗೆ ಮಾಡಿ ಇರಿಸಲಾಗಿದೆ."

ಪಕ್ಕದಲ್ಲಿದ್ದ ಕನ್ನಡಕದ ಅಜ್ಜಿ ಕೋಟನ್ನು ನೋಡಿದರು. ನನ್ನನ್ನು ನೋಡಿದರು. ನನ್ನ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಓಹೋ! ನೀನೂ ಅದಕ್ಕೇ ಹೀಗೆ ಹಾಕ್ಕೊಂಡಿದ್ದೀಯೇನಮ್ಮಾ?"

"ಹೇಗೆ ಅಜ್ಜಿ?"

"ಒಳಗಿಂದು ಹೊರಗೆ! ಬೆನ್ನಲ್ಲಿ ಚೀಟಿ ಬೇರೆ ಇದೆಯಲ್ಲ!"

ಬಗ್ಗಿ ನೋಡಿಕೊಂಡೆ. ಪಕ್ಕದ ಹೊಲಿಗೆಗಳೆಲ್ಲ ಎದ್ದು ನಿಂತಿದ್ದವು. ದಾರದ ತುದಿಗಳು ಗಾಳಿಗೆ ಓಲಾಡುತ್ತಿದ್ದವು.

"ಬೆಳಿಗ್ಗೆಯಿಂದ ನೋಡ್ತಾನೇ ಇದ್ರಾ?" ಎಂದು ನಮ್ಮವರತ್ತ ತಿರುಗಿದೆ. ಅವರು ಎರಡೂ ಕೈಯಲ್ಲಿ ಪಾತ್ರೆ ತಿಕ್ಕುವ ಅಭಿನಯ ಮಾಡಿ ತೋರಿಸಿದರು.

"ಏನು ಬರೆದಿದೆ ಅಜ್ಜಿ?" ಎಂದೆ, ಅವರಿಗೆ ಬೆನ್ನು ತಿರುಗಿಸಿ.

ಅಜ್ಜಿ ಕನ್ನಡಕ ಸರಿಪಡಿಸಿಕೊಂಡು ಇಡೀ ಕೋಣೆಗೆ ಕೇಳುವಂತೆ ಓದಿದರು: "ಸೊಂಟ ಮೂವತ್ತೆಂಟು. ಗಿರಾಕಿ, ಹೆಂಡತಿ. ಅವಸರವಿಲ್ಲ."

ಎಂಟು ತಿಂಗಳ ರಹಸ್ಯ ಬಯಲಾಯಿತು! ಆದರೆ ಜಗಳವಾಡಲು ನನಗೆ ಮುಖ ಉಳಿದಿರಲಿಲ್ಲ. ಶೌಚಾಲಯಕ್ಕೆ ಓಡಿ ಟಾಪನ್ನು ತಿರುಗಿಸಿ ತೊಟ್ಟೆ. ಸಿಕ್ಕ ಮೊದಲ ಬಸ್ಸು ಹತ್ತಿ ಮನೆಗೆ ಮರಳಿದೆವು.

ಮನೆಯ ಬಾಗಿಲು ತೆರೆಯಿತು. ಅದರ ಜೊತೆಗೇ ನಮ್ಮವರ ಬಾಯಿಯೂ.

"ಪಾತ್ರೆ ತೊಳೆಯೋವಾಗ ತೋಳು ಮಡಚ್ಕೋ," ಎಂದರು ಮೃದುವಾಗಿ. "ಅದು ಹಾಳಾದ್ರೆ, ಇನ್ನೊಂದಕ್ಕೆ ಮತ್ತೆ ಎಂಟು ತಿಂಗಳು!"