ಗಿಮುಟಾಡು

ಹರಕು ಕಾಗದ ಮುಗಿದುಹೋದದ್ದೇ ಎಲ್ಲಕ್ಕೂ ಮೂಲ.

ನಿಘಂಟು ಕಚೇರಿಯ ಸಹಾಯಕನನ್ನು ಎಲ್ಲರೂ ಮೆಲ್ಲಣ್ಣ ಎನ್ನುತ್ತಿದ್ದರು. ಅವನು ಮಾತಾಡಿದರೆ ಪಕ್ಕದ ಕುರ್ಚಿಗೂ ಕೇಳಿಸುತ್ತಿರಲಿಲ್ಲ. ಆಡದೆ ಉಳಿದ ಮಾತುಗಳು ಒಳಗೆ ಏನಾಗುತ್ತವೆ ಎಂದು ಅವನೇ ಆಗಾಗ ಯೋಚಿಸುವುದುಂಟು. ಅವನಲ್ಲಿ ಅವು ಲೋಕದಲ್ಲಿಲ್ಲದ ಪದಗಳಾಗುತ್ತಿದ್ದವು. ಊಟದ ಬಿಡುವಿನಲ್ಲಿ ಹರಕು ಕಾಗದದ ಮೇಲೆ ಒಂದು ಪದ ಹುಟ್ಟಿಸಿ, ಅರ್ಥ ಬರೆದು, ಒಳಗೊಳಗೇ ನಕ್ಕು, ಚೂರು ಮಾಡಿ ಬುಟ್ಟಿಗೆ ಹಾಕುತ್ತಿದ್ದ. 'ಕೊಸರಂಚು: ಇಬ್ಬರೂ ದಾರಿ ಬಿಡಲು ಹೋಗಿ ಬಾಗಿಲಲ್ಲಿ ಮೂರು ಸಲ ಎದುರೆದುರಾಗುವುದು.' 'ಹುಸುಪಣಿ: ಎದುರಿನವರ ಮಾತು ಮುಗಿಯಲೆಂದು ತಲೆಯಾಡಿಸುವುದು.'

ನಿನ್ನೆ ಹರಕು ಕಾಗದ ಸಿಗಲಿಲ್ಲ. ಕೈಗೆ ಸಿಕ್ಕ ಕಚೇರಿಯ ಹಳದಿ ಕಾರ್ಡಿನ ಮೇಲೇ ಬರೆದ: 'ಗಿಮುಟಾಡು: ಕೋಣೆಗೆ ಬಂದ ಕಾರಣ ಮರೆತು, ಬರಿಗೈಯಲ್ಲಿ ವಾಪಸಾಗಲು ನಾಚಿ, ಕಣ್ಣಿಗೆ ಬಿದ್ದದ್ದನ್ನು ಬೈದು ಹೋಗುವುದು. ಹುದ್ದೆ ಏರಿದಷ್ಟೂ ಹೆಚ್ಚು.' ಅಷ್ಟರಲ್ಲಿ ಯಾರೋ ಕರೆದರು, ಎದ್ದು ಹೋದ.

ಬೆಳಿಗ್ಗೆ ಬಂದು ನೋಡಿದರೆ ಕಾರ್ಡು ಇಲ್ಲ.

ಮೇಜಿನ ಕೆಳಗೂ ಬುಟ್ಟಿಯಲ್ಲೂ ಹುಡುಕಿದ; ಅಲ್ಲಿಲ್ಲವೆಂದರೆ ಅದು ಅಚ್ಚಿಗೆ ಹೋಗುವ ಕಾರ್ಡುಗಳ ಜೊತೆ ಸೇರಿಹೋಗಿರಬೇಕು. 'ಗ' ಅಕ್ಷರದ ಕಾರ್ಡುಗಳ ಕಟ್ಟು ಸಂಜೆ ಐದಕ್ಕೆ ಅಚ್ಚಿಗೆ ಹೋಗಬೇಕು. ಅದೇ ಐದಕ್ಕೆ ಪ್ರಧಾನ ಸಂಪಾದಕರು ಅವನ ಎರಡು ವರ್ಷದ ತಾತ್ಕಾಲಿಕ ಕೆಲಸ ಖಾಯಮ್ಮೋ ಅಲ್ಲವೋ ಎಂದು ಬರೆಯಬೇಕು. ಖಾಯಂ ಆಗಿಹೋಯಿತೆಂದು ಹೆಂಡತಿ ಹೋದ ವಾರವೇ ತವರಿಗೆ ಸುದ್ದಿ ಕಳಿಸಿದ್ದಳು.

ಕಟ್ಟಿಗೆ ಸೇರಿದ ಕಾರ್ಡನ್ನು ತೆಗೆಯಲು ಕಚೇರಿಯಲ್ಲಿ ಒಂದೇ ದಾರಿ. ಕೆಂಪು ಹಾಳೆಯಲ್ಲಿ ಇಬ್ಬರು 'ಈ ಪದ ನನಗೆ ಗೊತ್ತಿಲ್ಲ' ಎಂದು ಬರೆದು ಸಹಿ ಹಾಕಬೇಕು. ಮೂವತ್ತು ವರ್ಷದ ಹಿಂದೆ ಹೊಲಿಸಿದ ಆ ಕೆಂಪು ಹಾಳೆಗಳ ಪುಸ್ತಕದಿಂದ ಇವತ್ತಿನವರೆಗೆ ಒಂದು ಹಾಳೆಯೂ ಹರಿದಿರಲಿಲ್ಲ.

ಅವನು ಆ ಪುಸ್ತಕ ಹಿಡಿದು ಮೊದಲು ಟೈಪಿಸ್ಟ್ ಅಕ್ಕನ ಮೇಜಿಗೆ ಹೋದ.

"ಅಕ್ಕಾ, ಗಿಮುಟಾಡು ಅಂತ ಒಂದು ಕಾರ್ಡು..."

"ಬೆಳಿಗ್ಗೇನೇ ಟೈಪ್ ಮಾಡ್ದೆ. ನಿನ್ನ ಮೇಜಿನ ಮೇಲೆ ಒಂಟಿಯಾಗಿ ಬಿದ್ದಿತ್ತು, ಪಾಪ, ನಾನೇ ಕಟ್ಟಿಗೆ ಸೇರಿಸ್ದೆ. ಥ್ಯಾಂಕ್ಸ್ ಹೇಳೋಕೆ ಬಂದ್ಯಾ?"

"ಅಂಥ ಪದ ನಿಮಗೆ ಗೊತ್ತಿಲ್ಲ ಅಲ್ವಾ?"

ಅಕ್ಕನ ಬೆರಳು ಕೀಲಿಗಳ ಮೇಲೆ ನಿಂತಿತು. "ಗೊತ್ತಿಲ್ದೆ ಏನು? ನಾನೇನು ನಿನ್ನೆ ಹುಟ್ಟಿದವಳಾ? ನಮ್ಮತ್ತೆ ಪಾತ್ರೆ ತೊಳೀವಾಗ ದಿನಾ ಗಿಮುಟಾಡ್ತಾರೆ. ನೀನು ಬರೆದ ಅರ್ಥ ಮಾತ್ರ ಯಾಕೋ ಸರಿಯಿಲ್ಲ."

ಮೆಲ್ಲಣ್ಣ ಕೆಂಪು ಪುಸ್ತಕವನ್ನು ಬೆನ್ನ ಹಿಂದೆ ಸರಿಸಿಕೊಂಡು ಪರಿಶೀಲಕರ ಬಳಿ ಹೋದ. ಅವರು ಎರಡು ಕನ್ನಡಕ ಇಟ್ಟುಕೊಂಡಿದ್ದರು, ಒಂದು ಓದುವುದಕ್ಕೆ, ಇನ್ನೊಂದು ಸಹಾಯಕರನ್ನು ನೋಡುವುದಕ್ಕೆ. ಅವನು ಪದದ ಹೆಸರೆತ್ತಿದ ಕೂಡಲೇ ಎರಡನೆಯದನ್ನು ಹಾಕಿಕೊಂಡರು.

"ಹಳೇ ಪದ ಕಣಯ್ಯ. ಹಳೇ ಬರಹಗಳಲ್ಲಿ ಎರಡು ಕಡೆ ನೋಡಿದ್ದೀನಿ."

"ಎಲ್ಲಿ ಸಾರ್?"

"ಒಂದು ಕಡೆ ಮರೆತುಹೋಗಿದೆ."

"ಇನ್ನೊಂದು ಕಡೆ?"

"ಅದು ಮರೆತದ್ದರ ಪಕ್ಕದಲ್ಲೇ ಇತ್ತು. ಅದಿರಲಿ, ನೀನು ಕೊಟ್ಟ ಅರ್ಥ ತಪ್ಪು. ಎತ್ತು ಗಾಡಿಗೆ ಹೆಗಲು ಕೊಡೋಕೆ ಒಪ್ಪದೆ ಇರೋದಕ್ಕೆ ಹಾಗಂತಾರೆ. ದೊಡ್ಡವರ ಹತ್ತಿರ ಕಳಿಸಿದ್ದೀನಿ, ತಿದ್ದುತ್ತಾರೆ."

ದೊಡ್ಡವರೆಂದರೆ ಪ್ರಧಾನ ಸಂಪಾದಕರು. ಮೆಲ್ಲಣ್ಣ ಇಂಗು ತಿಂದ ಮಂಗನಂತೆ ತನ್ನ ಕುರ್ಚಿಗೆ ಬಂದು ಕುಳಿತ.

ಹನ್ನೆರಡಕ್ಕೆ ಬಾಗಿಲು ತೆರೆಯಿತು. ದೊಡ್ಡವರು ಬಂದು ಕೋಣೆಯ ನಡುವೆ ನಿಂತರು, ಸೂರು ನೋಡಿದರು, ನೆಲ ನೋಡಿದರು. ಮೆಲ್ಲಣ್ಣ ಕೆಂಪು ಪುಸ್ತಕವನ್ನು ಮೇಜಿನ ಕೆಳಗೆ ಸರಿಸಿದ.

"ಈ ಕಿಟಕಿ ಯಾಕೆ ತೆರೆದಿದ್ದೀರಿ?" ಎಂದರು ದೊಡ್ಡವರು.

ಕಿಟಕಿ ಮುಚ್ಚಿತ್ತು. ಅವರು ಹೊರಟುಹೋದರು. ಟೈಪಿಸ್ಟ್ ಅಕ್ಕ ಮೆಲ್ಲಣ್ಣನ ಕಡೆ ಬಾಗಿ ಹೇಳಿದಳು: "ಇದಕ್ಕೊಂದು ಪದ ಇರಬೇಕಿತ್ತು ನೋಡು."

ಊಟದ ಹೊತ್ತಿಗೆ ಪದಕ್ಕೆ ಕಾಲು ಬಂದಿತ್ತು. ಬೀಗದ ಕೈ ಗಿಮುಟಾಡುತ್ತದೆ ಎಂದರು ಒಬ್ಬರು. ಮೊಣಕಾಲು ಗಿಮುಟಾಡಿ ಬೆಳಗಿನ ಜಾವ ನಿದ್ದೆಯಿಲ್ಲ ಎಂದರು ಇನ್ನೊಬ್ಬರು. ಗೊತ್ತಿಲ್ಲ ಎಂದು ಹೇಳುವ ಒಂದು ಬಾಯಿಗಾಗಿ ಮೆಲ್ಲಣ್ಣ ಮಹಡಿಯಿಂದ ಮಹಡಿಗೆ ಅಲೆದ. ಗೊತ್ತಿಲ್ಲದ ಜಾಗದಲ್ಲಿ ಮೌನವಾಗಿರುವುದು ಎಷ್ಟು ಸುಲಭ ಎಂದು ಅವನು ತಿಳಿದಿದ್ದ. ಇವರಿಗೆಲ್ಲ ಅದೇ ಪ್ರಾಣಸಂಕಟವಾಗಿತ್ತು.

ನಾಲ್ಕೂವರೆಗೆ ಕರೆ ಬಂತು. ದೊಡ್ಡವರ ಮೇಜಿನ ಮೇಲೆ ಎರಡೇ ವಸ್ತು, ಹಳದಿ ಕಾರ್ಡು ಮತ್ತು ಅವನ ಕೆಲಸದ ವರದಿ. ಗೋಡೆ ಗಡಿಯಾರ ಒಂದೊಂದೇ ಹೆಜ್ಜೆ ಎಣಿಸಿ ಇಡುವ ಮುದುಕನಂತೆ ನಡೆಯುತ್ತಿತ್ತು. ಮೆಲ್ಲಣ್ಣನಿಗೆ ಇನ್ನು ತಡೆಯಲಾಗಲಿಲ್ಲ.

"ಸಾರ್, ತಪ್ಪಾಯ್ತು. ಅಂಥ ಪದ ಇಲ್ಲವೇ ಇಲ್ಲ. ನಿನ್ನೆ ಊಟದ ಹೊತ್ತಲ್ಲಿ ನಾನೇ ಹುಟ್ಟಿಸಿದ್ದು."

ಎರಡು ವರ್ಷದಲ್ಲಿ ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ದೊಡ್ಡವರು ತಲೆಯೆತ್ತಿ ಅವನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು.

"ನಮ್ಮಜ್ಜಿ ಬಾಯಲ್ಲಿ ನಾನು ಚಿಕ್ಕಂದಿನಿಂದ ಕೇಳಿದ ಪದಾನ ನೀವು ನಿನ್ನೆ ಹುಟ್ಟಿಸಿದ್ರಾ?"

"ಸಾರ್, ನಿಜವಾಗ್ಲೂ..."

"ಅರ್ಥ ತಪ್ಪು ಬರೆದದ್ದಕ್ಕೆ ಹೆದರಿ ಪದಾನೇ ಇಲ್ಲ ಅಂತೀರಲ್ಲ. ಆರು ತಿಂಗಳ ಹಿಂದೆ ಬಂದವರಾದರೆ ಕ್ಷಮಿಸಬಹುದಿತ್ತು." ಅವರು ಅವನ ಸಾಲುಗಳ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ದುಂಡಗೆ ಬರೆದರು: 'ತನಗೆ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ತೋರಿಸಿಕೊಳ್ಳುವುದು.' ಸಹಿ ಹಾಕಿದರು. ಕಾರ್ಡು ಕಟ್ಟಿಗೆ ಹೋಯಿತು, ಕಟ್ಟು ಅಚ್ಚಿಗೆ ಹೋಯಿತು.

ಆಮೇಲೆ ವರದಿಯನ್ನು ಹತ್ತಿರಕ್ಕೆಳೆದುಕೊಂಡರು. 'ಇನ್ನೂ ಒಂದು ವರ್ಷ ತಾತ್ಕಾಲಿಕ' ಎಂದು ಬರೆದರು. ಅದರ ಕೆಳಗೆ ಕಾರಣಕ್ಕೆಂದು ಬಿಟ್ಟಿದ್ದ ಜಾಗದಲ್ಲಿ ಸ್ವಲ್ಪ ಯೋಚಿಸಿ ಒಂದೇ ಸಾಲು ಬರೆದು, ಹಾಳೆಯನ್ನು ಅವನ ಕಡೆ ತಿರುಗಿಸಿದರು.

'ಅಭ್ಯರ್ಥಿ ವಿಪರೀತ ಗಿಮುಟಾಡುತ್ತಾರೆ.'

"ಅರ್ಥ ಆಯ್ತಲ್ಲ?" ಎಂದರು.

"ಆಯ್ತು ಸಾರ್," ಎಂದು ಮೆಲ್ಲಣ್ಣ ಸಹಿ ಹಾಕಿದ.