ಪಗಾರ ಅಟ್ಯಾಚ್ ಆಗೇತಿ

ಇಂಗ್ಲಿಷಿನ ಕಷ್ಟದ ಪದಗಳು ನನ್ನನ್ನು ಎಂದೂ ಕೆಡಿಸಿಲ್ಲ. ಅವು ಬಂದರೆ ಯಾರನ್ನಾದರೂ ಕೇಳುತ್ತೇನೆ. ಕೆಡಿಸಿದ್ದೆಲ್ಲ ಸುಲಭದ ಪದಗಳೇ. ಗೊತ್ತಿದೆ ಅಂದುಕೊಂಡು ತಲೆಯಾಡಿಸಿಬಿಡುತ್ತೇನೆ. ಕಳೆದ ಶ್ರಾವಣದಲ್ಲಿ ಜೀಡಿಮೆಟ್ಲಾದ ಔಷಧ ಕಾರ್ಖಾನೆಯಿಂದ ಮನೆಗೆ ಬಂದ ನಮ್ಮ ಯಜಮಾನರು ಚಪ್ಪಲಿ ಬಿಡುವ ಮೊದಲೇ, "ಪಗಾರ ಅಟ್ಯಾಚ್ ಆಗೇತಿ" ಎಂದರು. ನನಗೆ ಗೊತ್ತಿದ್ದ ಅಟ್ಯಾಚ್ ಎಂದರೆ ಅಟ್ಯಾಚ್ ಬಾತ್‌ರೂಮು. ಬಾಡಿಗೆ ಮನೆ ಹುಡುಕುವಾಗ ಆ ಪದ ಕಿವಿಗೆ ಬಿದ್ದರೆ ಸಾಕು, ಜೀವ ಹಿಗ್ಗುತ್ತಿತ್ತು. ಪಗಾರಕ್ಕೂ ಹಾಗೇ ಏನೋ ಕೂಡಿಕೊಂಡಿದೆ ಎಂದು ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಅವರ ಕೈಗೆ ಸಕ್ಕರೆ ಇಟ್ಟೆ.

ಸಕ್ಕರೆ ಹಿಡಿದುಕೊಂಡೇ ಅವರೆಂದರು, "ಅಟ್ಯಾಚ್ ಅಂದ್ರ ಜಪ್ತಿ. ಇನ್‌ಕಮ್ ಟ್ಯಾಕ್ಸಿನವರು ಕಂಪನಿಗೆ ಕಾಗದ ಬರದಾರ. ಬಾಕಿ ತೀರೂತನಕ ತಿಂಗಳಾ ಅರ್ಧ ಪಗಾರ ಹಿಡೀತಾರ."

"ಮೊದಲ ಜಪ್ತಿ ಅನ್ನಾಕ ಏನಾಗಿತ್ರಿ? ತುಪ್ಪರೆ ಉಳೀತಿತ್ತು!" ಎಂದೆ.

ಬಾಕಿಯ ಬೇರು ಊರಿನ ಇನ್ನೊಂದು ತುದಿಯ ಮೆಹದಿಪಟ್ಟಣಂನಲ್ಲಿತ್ತು. ಅಲ್ಲಿ ಝೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡಿದ್ದ ಒಬ್ಬ ಮಹಾಶಯ, ಕಟ್ಟಿದ ತೆರಿಗೆಯನ್ನು ವಾಪಸು ತರಿಸಿಕೊಡುತ್ತೇನೆಂದು ಕೆಲವು ವರ್ಷಗಳ ಹಿಂದೆ ಕಾರ್ಖಾನೆಯ ಅರ್ಧ ಮಂದಿಯ ರಿಟರ್ನ್ ತುಂಬಿದ್ದ. ಅವನ ವಿದ್ಯೆ ಇಷ್ಟೇ: ನಮ್ಮವರು ಯಾವುದೋ ಧರ್ಮಾರ್ಥ ಟ್ರಸ್ಟಿಗೆ ಎರಡು ಲಕ್ಷ ದಾನ ಕೊಟ್ಟಿದ್ದಾರೆಂದು ಬರೆದು, ದಾನಕ್ಕಿರುವ ತೆರಿಗೆ ರಿಯಾಯಿತಿಯಲ್ಲಿ ರಿಫಂಡು ತರಿಸಿದ್ದ. ನಮ್ಮವರು! ಮಂಗಳಾರತಿ ತಟ್ಟೆಗೆ ಹತ್ತರ ನೋಟು ಹಾಕಿ, ಐದು ರೂಪಾಯಿ ಚಿಲ್ಲರೆ ತಿರುಗಿ ಎತ್ತಿಕೊಳ್ಳುವ ಮನುಷ್ಯ. ಆ ಕರ್ಣನಿಗೆ ತಾನು ಏನು ಕೊಟ್ಟೆ ಎಂಬುದಾದರೂ ಗೊತ್ತಿತ್ತು. ನಮ್ಮ ಕರ್ಣನಿಗೆ ಟ್ರಸ್ಟಿನ ಹೆಸರೂ ಗೊತ್ತಿಲ್ಲ. ತೆರಿಗೆಯವರು ರಸೀದಿ ಕೇಳಿ ಕಳಿಸಿದ ನೋಟೀಸುಗಳೆಲ್ಲ ಮಹಾಶಯನ ಇ-ಮೇಲಿಗೆ ಹೋಗಿ ಅಲ್ಲೇ ಸಮಾಧಿಯಾದವು. ಬಡ್ಡಿ, ದಂಡ ಮಾತ್ರ ಚೆನ್ನಾಗಿ ಬೆಳೆದವು. ಈಗ ಆ ಮೂಲೆಯಲ್ಲಿ ಕುರ್ಚಿಯೂ ಇಲ್ಲ. ಝೆರಾಕ್ಸಿನವನನ್ನು ಕೇಳಿದರೆ "ಕೌನ್ ಸಾಬ್?" ಎಂದು ತಿರುಗಿ ನಮ್ಮನ್ನೇ ಕೇಳುತ್ತಾನೆ.

ಉಳಿದ ಅರ್ಧ ಪಗಾರದಲ್ಲಿ ಬಾಡಿಗೆ ಕೊಟ್ಟರೆ ಮಗಳ ಕಾಲೇಜಿನ ಫೀಸಿಗಿಲ್ಲ. ಫೀಸು ಕಟ್ಟಿದರೆ ಮನೆ ಬಿಡಬೇಕು. ತೆರಿಗೆ ಅಧಿಕಾರಿಗೆ ಅರ್ಜಿ ಕೊಟ್ಟರೆ ಕಂತು ಇಳಿಸಬಹುದೆಂದು ಕಂಪನಿಯ ಗುಮಾಸ್ತರು ಹೇಳಿದ್ದರು. ಇವರು ಎರಡು ದಿನ ಗೋಡೆ ನೋಡಿಕೊಂಡು ಕುಳಿತರು.

"ನಾಚಿಕಿ ಆಗಾಕತ್ತೇತಿ. ಯಾವ ಮಾರಿ ಹೊತ್ತಕೊಂಡು ಹೋಗಲಿ?"

"ದಾನಶೂರರಿಗೆ ಎದರ ನಾಚಿಕಿರಿ? ನಡೀರಿ, ನಾನೂ ಬರ್ತೀನಿ."

ಅಧಿಕಾರಿ ಹೆಣ್ಣುಮಗಳು; ಕೂರಲು ಕುರ್ಚಿ ಕೊಟ್ಟರು, ಫ್ಯಾನು ಹಾಕಿಸಿದರು. ದೇವರ ದಯೆ ಎಂದರೆ ಇಂಥವೇ, ನಾನು ಎಣಿಸಿಟ್ಟುಕೊಳ್ಳುತ್ತೇನೆ. ನನ್ನ ಹರಕು ಹಿಂದಿಯಲ್ಲಿ ಇದ್ದದ್ದು ಇದ್ದಂತೆ ಹೇಳಿದೆ: ದಾನ ಕೊಟ್ಟಿಲ್ಲ, ಬರೆದದ್ದು ಸುಳ್ಳು, ಬಾಕಿ ತೀರಿಸುತ್ತೇವೆ, ಆದರೆ ಅರ್ಧ ಹಿಡಿದರೆ ಮಗಳ ಓದು ನಿಲ್ಲುತ್ತದೆ. ಬಾಯಿ ಬಿಟ್ಟಮೇಲೆ ಅಷ್ಟಕ್ಕೇ ನಿಲ್ಲುವುದು ನನ್ನ ಜಾಯಮಾನವಲ್ಲ. ಮಹಾಶಯನನ್ನು ಬೈದೆ, ಕಾರ್ಖಾನೆಯವರನ್ನು ಬೈದೆ. ಇಷ್ಟು ಓದಿದ ಗಂಡಸರಲ್ಲಿ ಒಬ್ಬನಿಗಾದರೂ, ಪುಕ್ಕಟೆ ದುಡ್ಡು ಎಲ್ಲಿಂದ ಬಂತು ಎಂದು ಕೇಳುವ ಬುದ್ಧಿ ಬೇಡವೇ ಎಂದೆ. ಇವರು ತಲೆ ತಗ್ಗಿಸಿ ನೆಲದ ಹಾಸುಗಲ್ಲು ನೋಡುತ್ತಿದ್ದರು. ಅಧಿಕಾರಿ ನಗು ತಡೆದುಕೊಂಡು, ಕಾಲುಭಾಗ ಮಾತ್ರ ಹಿಡಿಯುವಂತೆ ಬರೆಯತೊಡಗಿದರು. ಸಹಿಗೆ ಮುಂಚೆ ಪೆನ್ನು ನಿಲ್ಲಿಸಿ, ವಾಪಸು ಬಂದ ದುಡ್ಡು ಏನಾಯಿತೆಂದು ಕೇಳಿದರು:

"ಔರ್ ವೋ ರಿಫಂಡ್ ಕಾ ಪೈಸಾ, ಅಮ್ಮಾ? ಉಸ್ಕಾ ಕ್ಯಾ ಕಿಯಾ?"

ಅಷ್ಟೂ ಹೊತ್ತು ತಲೆ ಎತ್ತದ ನಮ್ಮ ಯಜಮಾನರು ಈಗ ಎತ್ತಿ, ನನ್ನ ಕಿವಿಯ ಬೆಂಡೋಲೆ ನೋಡಿದರು. ಅವನ್ನು ಮಾಡಿಸಿಕೊಂಡ ದಿನ ದುಡ್ಡು ಎಲ್ಲಿಂದ ಬಂತೆಂದು ನಾನೂ ಕೇಳಿರಲಿಲ್ಲ. ದೇವರು ಕೊಟ್ಟ ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದೆ. "ಘರ್ ಖರ್ಚಾ, ಮೇಡಂ" ಎಂದು ಎರಡೂ ಕಿವಿ ಮುಚ್ಚುವಂತೆ ಸೆರಗನ್ನು ತಲೆ ತುಂಬ ಎಳೆದುಕೊಂಡೆ. ನನ್ನ ಮರ್ಯಾದಸ್ತಿಕೆ ಮೆಚ್ಚಿ ಮೇಡಂ ಸಹಿ ಹಾಕಿದರು.