ಊರು ಎಲ್ಲಿ ಮುಗಿಯುತ್ತದೆ?

ಪುರಸಭೆ ಸದಸ್ಯೆಯಾದ ಮೇಲೆ ನಗದೇ ಮನೆಗೆ ಬಂದ ದಿನ ನನಗೆ ನೆನಪಿಲ್ಲ. ಕೆಲವು ದಿನ ಸಿಟ್ಟಿಗೆ ನಕ್ಕಿದ್ದೇನೆ, ಅಷ್ಟೇ. ಬಾಗಲಕೋಟೆ ಜಿಲ್ಲೆಯ ಯಾವ ಊರು ಎಂದು ಹೇಳುವುದಿಲ್ಲ. ಹೇಳಿದರೆ ಮುಂದಿನ ಸಭೆಯಲ್ಲಿ ನನಗೆ ಚಹಾ ಬರುವುದಿಲ್ಲ. ನನ್ನ ವಾರ್ಡಿನ ತುದಿಗೆ ಒಂದು ಹೊಸ ಲೇಔಟ್ ಇದೆ. ಮನೆಗಳು ಇಪ್ಪತ್ತು, ಖಾಲಿ ಪ್ಲಾಟುಗಳು ಎಷ್ಟೋ, ನಳ ಒಂದೂ ಇಲ್ಲ. ವೋಟು ಕೇಳಲು ಹೋದಾಗ ಕೊನೆಯ ಮನೆಯ ಅಜ್ಜಿ, ಓಣಿಗೆಲ್ಲ ಆಯಿ, ಟ್ಯಾಂಕರ್ ನೀರು ಹೊತ್ತು ಹೊತ್ತು ಮೊಣಕಾಲು ಕಳೆದುಕೊಂಡಾಕಿ, ನನ್ನ ಕೈ ಹಿಡಿದು, “ತಂಗಿ, ನಳ ತರ್ತೀಯೇನ?” ಅಂದಳು. ತರ್ತೇನಿ ಅಂದುಬಿಟ್ಟೆ.

೧. ಗೋಡೆಗೆ ಗೋಡೆ

ಊರೊಳಗೇ ಇಷ್ಟು ಜಾಗ ಖಾಲಿ ಬಿದ್ದಿರುವಾಗ ಜನ ಹೊಲದ ಆಚೆಗೆ ಹೋಗಿ ಯಾಕೆ ಮನೆ ಕಟ್ಟುತ್ತಾರೆ? ಪೈಪು ಉದ್ದವಾದಷ್ಟೂ ಪುರಸಭೆಯ ಕೈ ಗಿಡ್ಡವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಆ ಲೇಔಟಿಗೆ ಹೋದಾಗಲೆಲ್ಲ ಯಾರನ್ನಾದರೂ ಹಿಡಿದು ಕೇಳುತ್ತೇನೆ.

ನಟ್ಟನಡುವೆ ಎರಡು ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಸುತ್ತ ನಾಲ್ಕೂ ಕಡೆ ಬಯಲು. ಹಿನ್ನೀರಿನಲ್ಲಿ ಮುಳುಗಿದ ಊರಿನಿಂದ ಬಂದ ಅಣ್ಣತಮ್ಮಂದಿರು ಕಟ್ಟಿದ್ದು. ಇಷ್ಟು ಬಯಲಿನಲ್ಲಿ ಇಷ್ಟು ಒತ್ತಿಕೊಂಡು ಯಾಕೆ ಎಂದು ಅಣ್ಣನನ್ನು ಕೇಳಿದೆ. ಹಳೆಯ ಊರಿನಲ್ಲಿ ಎಲ್ಲ ಮನೆಗಳೂ ಹೀಗೇ ಇದ್ದವಂತೆ. ಆಚೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿಸದಿದ್ದರೆ ಅವರಿಗೆ ಬೆಳಗಾಯಿತು ಅನ್ನಿಸುವುದೇ ಇಲ್ಲವಂತೆ. ತಮ್ಮನ ಮೇಲೆ ಎಷ್ಟು ಪ್ರೀತಿ ನಿಮಗೆ ಅಂದೆ.

“ಅವನ ಕೂಡ ಮಾತ ಬಿಟ್ಟು ಏಳ ವರ್ಷ ಆತ್ರಿ,” ಅಂದರು. “ಹಂಗಂತ ಗ್ವಾಡಿ ಬಿಡಾಕ ಆಗ್ತೈತೇನ್ರಿ?”

೨. ಹಸಿರು ಬಣ್ಣ

ಲೇಔಟಿನ ಉದ್ಯಾನ ಪುರಸಭೆಯ ವಶಕ್ಕೆ ಬಾರದೆ ನಳದ ಕಡತ ಮುಂದೆ ಹೋಗದು ಎಂದರು ಇಂಜಿನಿಯರ್. ಸರಿ, ನಕ್ಷೆ ಹಿಡಿದು ಇಬ್ಬರೂ ಉದ್ಯಾನ ಹುಡುಕಲು ಹೋದೆವು. ನಕ್ಷೆಯಲ್ಲಿ ಅಂಗೈಯಗಲ ಹಸಿರು ಬಣ್ಣ ಬಳಿದಿದ್ದರು. ಜಾಗದಲ್ಲಿ ಮೆಣಸಿನಗಿಡ ನಿಂತಿತ್ತು. ಲೇಔಟಿಗೆ ಹೊಲ ಮಾರಿದ ಹಿರಿಯರು ಅಲ್ಲೇ ಕಳೆ ಕೀಳುತ್ತಿದ್ದರು.

ಇದು ಉದ್ಯಾನದ ಜಾಗ ಎಂದು ಇಂಜಿನಿಯರ್ ಗಂಭೀರವಾಗಿ ತಿಳಿಸಿದರು. ನಕ್ಷೆಯಲ್ಲಿ ಹಸಿರು ಬಳಿದವರು ನೀವು, ಹಸಿರು ಉಳಿಸಿದವನು ನಾನು, ತಪ್ಪೇನು ಎಂದು ಹಿರಿಯರು ಕೇಳಿದರು. ಇಂಜಿನಿಯರ್ ಸುಮ್ಮನಿರಬೇಕಿತ್ತು. ಕಾಯಿ ಅರ್ಧ ಕೆಂಪಾಗಿದೆಯಲ್ಲ ಅಂದರು.

“ಅದಕ್ಕ ನಾ ಏನ ಮಾಡ್ಲಿ ಸಾಹೇಬ್ರ? ನೀವು ಬರೂದು ತಡಾ ಆತು.”

ಸಾಹೇಬರು ಟವೆಲಿನ ತುಂಬ ಮೆಣಸಿನಕಾಯಿ ಕಟ್ಟಿಕೊಂಡು ಬಂದು, ಉದ್ಯಾನ ಸುಸ್ಥಿತಿಯಲ್ಲಿದೆ ಎಂದು ವರದಿ ಬರೆದರು.

೩. ಸ್ವಾಗತ

ಕಡತವೇನೋ ಸಭೆಗೆ ಬಂತು. ಅಷ್ಟರಲ್ಲಿ ಅಧ್ಯಕ್ಷರಿಗೆ ಸ್ವಾಗತ ಕಮಾನಿನ ಕನಸು ಬಿದ್ದಿತ್ತು. ಹಳೆಯ ಕಮಾನನ್ನು ಊರು ಯಾವಾಗಲೋ ದಾಟಿ ಬೆಳೆದುಬಿಟ್ಟಿದೆ. ಅದೀಗ ಬಸ್‌ ನಿಲ್ದಾಣದ ಪಕ್ಕ ನಿಂತು, ಅರ್ಧ ಊರು ನೋಡಿ ಮುಗಿಸಿದವರಿಗೆ ಸ್ವಾಗತ ಕೋರುತ್ತದೆ.

ಮೊದಲು ನಳ, ಆಮೇಲೆ ಕಮಾನು ಅಂದೆ. ಊರಿಗೊಂದು ಮುಖ ಬೇಡವೇ ಎಂದರು ಅಧ್ಯಕ್ಷರು. ಹಾಗಾದರೆ ಊರು ಎಲ್ಲಿ ಮುಗಿಯುತ್ತದೆ ಹೇಳಿ ಅಂದೆ. ಅದೇ ನನ್ನ ತಪ್ಪು. ಊರು ತಮ್ಮ ತಮ್ಮ ವಾರ್ಡಿನಲ್ಲೇ ಮುಗಿಯುತ್ತದೆ ಎಂದು ಎಲ್ಲರೂ ಎದ್ದು ನಿಂತರು. ತಾಸುಗಟ್ಟಲೆ ಕೇಳಿ ತಲೆಕೆಟ್ಟು, ನಾಚಿಕೆಯಾಗಲಿ ಎಂದು, ಕಮಾನನ್ನು ನೀರೇ ಇಲ್ಲದ ಆಯಿಯ ಮನೆ ಮುಂದೆಯೇ ನಿಲ್ಲಿಸಿರಿ, ಅಲ್ಲಿಂದಾಚೆ ಬರೀ ಹೊಲ ಎಂದು ಚುಚ್ಚಿದೆ. ಯಾರಿಗೂ ನಾಚಿಕೆಯಾಗಲಿಲ್ಲ. ಮೇಜು ಕುಟ್ಟಿ ಒಪ್ಪಿದರು. ನಳ ಮುಂದಿನ ಸಭೆಗೆ ಹೋಯಿತು.

ಆಯಿಗೆ ಹೋಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಇಲ್ಲಿ ಸ್ವಾಗತ ಯಾರಿಗೆ ತಂಗಿ? ಟ್ಯಾಂಕರಿಗೇನ?” ಅಂದಳು.

೪. ಹಸಿ

ಕಮಾನು ಎದ್ದಿತು. ಕಾಂಕ್ರೀಟಿಗೆ ದಿನಾ ನೀರು ಉಣಿಸದಿದ್ದರೆ ಬಿರುಕು ಬಿಡುತ್ತದೆ, ಟ್ಯಾಂಕರ್ ನಂಬಿ ಕೂರುವಂತಿಲ್ಲ ಎಂದು ಗುತ್ತಿಗೆದಾರ ಕೈಯೆತ್ತಿದ. ತಮ್ಮ ಹೆಸರು ಕೆತ್ತಿಸಿದ ಕಮಾನು ಬಿರುಕು ಬಿಡುವುದನ್ನು ಯಾವ ಅಧ್ಯಕ್ಷರು ಸಹಿಸುತ್ತಾರೆ? ಒಂದೂವರೆ ವರ್ಷದಲ್ಲಿ ನನ್ನಿಂದಾಗದ ಪೈಪು ನಾಲ್ಕೇ ದಿನದಲ್ಲಿ ಆಯಿಯ ಅಂಗಳದ ಮುಂದೆ ಬಂದು ನಿಂತಿತು. ಕಮಾನೂ ಕುಡಿಯಿತು, ಇಪ್ಪತ್ತು ಮನೆಗಳೂ ಕುಡಿದವು.

ಕೆಲಸ ಮುಗಿದ ಮೇಲೆ, ಕಮಾನಿಗೆಂದು ಹಾಕಿದ ಪೈಪು ಕೀಳಲು ಇಂಜಿನಿಯರ್ ಬಂದರು. ಕಾಂಕ್ರೀಟು ಯಾವತ್ತೋ ಕಲ್ಲಾಗಿದೆ ಅಂದರು. ಅಂದು ಬೆಳಗ್ಗೆಯೇ ಓಣಿಯ ಹೆಣ್ಣುಮಕ್ಕಳು ಕೊಡಗಟ್ಟಲೆ ನೀರು ಹೊಯ್ದಿದ್ದರಿಂದ ಕಮಾನಿನ ಕಂಬದಿಂದ ಇನ್ನೂ ತೊಟ್ಟಿಕ್ಕುತ್ತಿತ್ತು.

“ಮುಟ್ಟಿ ನೋಡ್ರಿ ಸಾಹೇಬ್ರ,” ಅಂದಳು ಆಯಿ, “ಇನ್ನೂ ಹಸೀನ ಐತಿ.”

ಅವರು ಮುಟ್ಟಿದರು, ಅಂಗೈ ನೋಡಿಕೊಂಡರು, ನನ್ನ ಮುಖ ನೋಡಿದರು. ನಾನು ತಲೆಯೆತ್ತಿ ಕಮಾನಿನ ಮೇಲಿನ ಅಕ್ಷರಗಳನ್ನು ಒಂದೊಂದೇ ಓದುತ್ತಿದ್ದೆ. ಎಂಟು ದಿನ ಬಿಟ್ಟು ಬರುತ್ತೇನೆ ಎಂದು ಹೋದರು. ಎಂಟು ತಿಂಗಳಾಯಿತು. ಕಂಬದ ಬುಡಕ್ಕೆ ಪಾಚಿ ಕಟ್ಟಿದೆ.

ಮೊನ್ನೆ ಪಕ್ಕದ ಲೇಔಟಿನ ಹೆಣ್ಣುಮಕ್ಕಳು ಅರ್ಜಿ ಹಿಡಿದು ಮನೆಗೆ ಬಂದರು. ಅಲ್ಲೂ ನೀರಿಲ್ಲ. ಏನು ಕೇಳಲು ಬಂದಿದ್ದಾರೆಂದು ಗೊತ್ತಿದ್ದ ನಾನು ನಳಕ್ಕೆ ಪ್ರಯತ್ನ ನಡೆದಿದೆ, ಸ್ವಲ್ಪ ತಡೆಯಿರಿ ಎಂದು ಶುರುಮಾಡಿದೆ. ಮುಂದೆ ನಿಂತಾಕಿ ನನ್ನ ಮಾತು ತಡೆದಳು.

“ನಳದ ಮಾತ ಬಿಡ್ರಿ ಅಕ್ಕಾರ. ನಮಗೂ ಒಂದ ಕಮಾನ ಮಂಜೂರ ಮಾಡಿಸ್ರಿ.”